ಅಹಮದಾಬಾದ್‌ನಲ್ಲಿ ಮನೆ ಅಗ್ಗ. ಆದ್ರೆ ಯಾರಿಗೆ?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೈಗೆ ಬರೋದು 90,000. ಹೆಂಡತಿ ಸದ್ಯ ಕೆಲಸಕ್ಕೆ ಹೋಗ್ತಿಲ್ಲ. ಈಗಿರುವ 2 ಬಿಎಚ್‌ಕೆಗೆ ಬಾಡಿಗೆ 24,000. ಅದೇ ಕಟ್ಟಡದಲ್ಲಿ ಅಂಥದ್ದೇ ಒಂದು ಫ್ಲ್ಯಾಟ್ 75 ಲಕ್ಷಕ್ಕೆ ಮಾರಾಟಕ್ಕಿದೆ. ಉಳಿತಾಯ 18 ಲಕ್ಷ ಇದೆ. ಅಹಮದಾಬಾದ್‌ನಿಂದ 65,000ದ ಆಫರ್ ಬಂದಿದೆ, ಅಲ್ಲಿ 45 ಲಕ್ಷಕ್ಕೆ ಒಳ್ಳೇ ಮನೆ ಸಿಗುತ್ತೆ ಅಂತಾರೆ. ಅಪ್ಪ ಮಾತ್ರ ಹುಬ್ಬಳ್ಳಿಯ ನಮ್ಮ ಸೈಟಿನಲ್ಲೇ ಕಟ್ಟು ಅಂತಿದ್ದಾರೆ. ಯಾವುದು ಸರಿ?

ಉತ್ತರ: ನಿಮಗೆ ಆಫರ್ ಕೊಟ್ಟವರು ಹೇಳಿದ್ದು ಸುಳ್ಳಲ್ಲ. ನೈಟ್ ಫ್ರಾಂಕ್ ಅನ್ನೋ ರಿಯಲ್ ಎಸ್ಟೇಟ್ ಸಲಹಾ ಸಂಸ್ಥೆಯ 2024ರ ಲೆಕ್ಕದಲ್ಲಿ, ಅಹಮದಾಬಾದ್‌ನ ಸರಾಸರಿ ಕುಟುಂಬ ಮನೆ ಕೊಂಡರೆ ಆದಾಯದ 20% ಇಎಂಐಗೆ, ಅಂದರೆ ಸಾಲದ ತಿಂಗಳ ಕಂತಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ 27%, ಹೈದರಾಬಾದ್‌ನಲ್ಲಿ 30%. ಮುಂಬೈಯಲ್ಲಿ 50%! ಮುಂಬೈಗೆ ಮೂರು ಕಡೆ ನೀರು, ಜಾಗ ಎಲ್ಲಿಂದ ಬರಬೇಕು? ಅಹಮದಾಬಾದ್ ಸುತ್ತ ಬಯಲು. ಜೊತೆಗೆ ಅಲ್ಲಿ ಟೌನ್ ಪ್ಲಾನಿಂಗ್ ಸ್ಕೀಮ್ ಚೆನ್ನಾಗಿ ನಡೆದಿದೆ. ರೈತರ ಜಮೀನೆಲ್ಲ ಒಟ್ಟು ಮಾಡಿ, ರಸ್ತೆಗೆ, ಪಾರ್ಕಿಗೆ ಒಂದು ಪಾಲು ತೆಗೆದು, ಉಳಿದದ್ದನ್ನು ಸೈಟ್ ಮಾಡಿ ಅವರಿಗೇ ವಾಪಸ್ ಕೊಡುತ್ತಾರೆ. ಹಾಗಾಗಿ ಕಟ್ಟೋಕೆ ಜಾಗ ಸಿಗುತ್ತಾ ಬಂದಿದೆ.

ಆದರೆ ಆ 20% ಅಹಮದಾಬಾದಿನವರ ಲೆಕ್ಕ, ನಿಮ್ಮದಲ್ಲ. ನಿಮ್ಮದನ್ನು ಹಾಕೋಣ. 8.5% ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ಸುಮಾರು 868 ರೂಪಾಯಿ ಇಎಂಐ. ಅಲ್ಲಿ 45 ಲಕ್ಷದ ಮನೆಗೆ 36 ಲಕ್ಷ ಸಾಲ, ತಿಂಗಳಿಗೆ 31,000 ಚಿಲ್ಲರೆ. 65,000ದಲ್ಲಿ ಅದು 48%. ಬೆಂಗಳೂರಿನ ಫ್ಲ್ಯಾಟಿಗೆ 60 ಲಕ್ಷ ಸಾಲ, 52,000 ಇಎಂಐ, ಅಂದರೆ 58%. ಎರಡೂ ಭಾರವೇ. ಒಬ್ಬರ ದುಡಿಮೆಯ ಮನೆಯಲ್ಲಿ 40% ದಾಟಬಾರದು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ನಿಮ್ಮ 18 ಲಕ್ಷ ಬೆಂಗಳೂರಿನ ಮನೆಗೆ ಸಾಲುವುದೇ ಇಲ್ಲ. ಈ ಮೊತ್ತದ ಸಾಲಕ್ಕೆ ಬ್ಯಾಂಕ್ ಹೆಚ್ಚೆಂದರೆ ಮನೆ ಬೆಲೆಯ 80% ಕೊಡುತ್ತದೆ, ಹಾಗಾಗಿ 15 ಲಕ್ಷ ನೀವೇ ಹಾಕಬೇಕು. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ 5%, ಸೆಸ್ಸು ಸರ್‌ಚಾರ್ಜು ಬೇರೆ. ರಿಜಿಸ್ಟ್ರೇಶನ್ ಶುಲ್ಕವನ್ನು ನಮ್ಮ ಸರ್ಕಾರ 2025ರ ಆಗಸ್ಟ್ 31ರಿಂದ 1%ನಿಂದ 2%ಗೆ ಏರಿಸಿದೆ. ಎಲ್ಲ ಸೇರಿ ಹತ್ತಿರ ಹತ್ತಿರ ಐದೂಮುಕ್ಕಾಲು ಲಕ್ಷ. ಇದಕ್ಕೆ ಸಾಲ ಸಿಗಲ್ಲ. ವಾರ್ಡ್‌ರೋಬು, ಕಿಚನ್ನು ಅಂತ ಬಡಗಿ ಕೊಡುವ ಎಸ್ಟಿಮೇಟ್ ನೋಡಿದ ಮೇಲೆ ನಿಮಗೇ ಗೊತ್ತಾಗುತ್ತದೆ!

ಹುಬ್ಬಳ್ಳಿ ವಿಷಯಕ್ಕೆ ಬಂದರೆ, ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಸೈಟ್ ಇರುವುದರಿಂದ ಕಟ್ಟುವ ಖರ್ಚು ಮಾತ್ರ. ಬೆಂಗಳೂರಿನ ಸಂಬಳವೇ ಅಲ್ಲಿ ಕೂತು ಬಂದರೆ ಈ ಮೂರರಲ್ಲಿ ಅದೇ ಅಗ್ಗ. ಆದರೆ 'ಮನೆಯಿಂದಲೇ ಕೆಲಸ ಮಾಡಿ' ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದನ್ನು ನಂಬಿ ಪಾಯ ತೆಗೆಸಬೇಡಿ. ಕಂಪನಿಯಿಂದ ಬರವಣಿಗೆಯಲ್ಲಿ ಬರಲಿ. ಇಲ್ಲಾಂದ್ರೆ ಹುಬ್ಬಳ್ಳಿಯ ಮನೆಗೆ ಇಎಂಐ, ಬೆಂಗಳೂರಿನ ಮನೆಗೆ ಬಾಡಿಗೆ, ಎರಡೂ ಕಟ್ಟುವ ಪಾಡು.

ನನ್ನನ್ನು ಕೇಳಿದರೆ, ಸದ್ಯಕ್ಕೆ ಬಾಡಿಗೆ ಮನೆಯಲ್ಲೇ ಇರಿ. 52,000ಕ್ಕೂ 24,000ಕ್ಕೂ ನಡುವಿನ 28,000ವನ್ನು ಇಎಂಐ ಅಂತಲೇ ಅಂದುಕೊಂಡು ತಿಂಗಳು ತಿಂಗಳು ಎತ್ತಿಡಿ. ಎರಡು ವರ್ಷಕ್ಕೆ 6.7 ಲಕ್ಷ ಆಯ್ತು. ಅಷ್ಟು ಉಳಿಸೋಕೆ ಕಷ್ಟವಾದರೆ, ಇಎಂಐ ಕಟ್ಟುವುದೂ ಕಷ್ಟವೇ ಅಲ್ವಾ? ಅಷ್ಟರಲ್ಲಿ ನಿಮ್ಮವರೂ ಕೆಲಸಕ್ಕೆ ಸೇರಿದರೆ ಲೆಕ್ಕವೇ ಬೇರೆ.

ಆಮೇಲೂ ಬೆಂಗಳೂರೇ ಬೇಕು ಅನಿಸಿದರೆ, ಮನೆ ನೋಡೋಕೆ ಏಪ್ರಿಲ್‌ನಲ್ಲಿ, ಬೇಸಿಗೆಯ ನೀರಿನ ತಾಪತ್ರಯ ಕಾಣುವಾಗಲೇ ಹೋಗಿ. ಪಾಲಿಕೆಯ ಆಸ್ತಿ ದಾಖಲೆಯಾದ ಖಾತಾ ಎ ನಾ (ಎಲ್ಲ ಸಕ್ರಮ) ಬಿ ನಾ (ಏನೋ ಕೊರತೆ ಇದೆ) ಅಂತ ಮೊದಲು ವಿಚಾರಿಸಿ. ಹೊರಗೆ ಬರುವಾಗ ಗೇಟಿನ ಸೆಕ್ಯೂರಿಟಿಯವರನ್ನು ದಿನಕ್ಕೆ ಎಷ್ಟು ನೀರಿನ ಟ್ಯಾಂಕರ್ ಬರುತ್ತೆ ಅಂತ ಕೇಳಿ. ಸೇಲ್ಸ್‌ನವರು ಇದನ್ನು ಹೇಳಲ್ಲ.