ಇಪ್ಪತ್ತನಾಲ್ಕು ಹಾಡು ಬೇಡ, ಮೂರು ಸಾಕು

ನಮಸ್ಕಾರ,

ಹಳೆಯ ಹಾಲಿವುಡ್ ಚಿತ್ರಗೀತೆಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದನ್ನು ನೀವೇ ಬರೆಯಬೇಕು ಅನ್ನುವ ಆಸೆ ನನಗಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಒಟ್ಟು ಇಪ್ಪತ್ತನಾಲ್ಕು ಹಾಡು ಹಿಡಿದುಕೊಂಡಿದ್ದೀರಿ. ಅರ್ಧ ಆಸ್ಕರ್ ಗೆದ್ದವು, ಇನ್ನರ್ಧ 'ಅನ್ಯಾಯಕ್ಕೆ ಒಳಗಾದವು'. ಒಂದೊಂದಕ್ಕೂ ನಾಲ್ಕು ಸಾಲು. ಸಿನಿಮಾದ ಹೆಸರು, ವರ್ಷ ಮುಗಿದ ಮೇಲೆ ಉಳಿಯುವುದು 'ಮನಮೋಹಕ', 'ಅಜರಾಮರ', 'ಹೃದಯಸ್ಪರ್ಶಿ'. ಹಾಡಿನ ಹೆಸರು ಮುಚ್ಚಿಟ್ಟು ಓದಿದರೆ ಯಾವ ಮಾತು ಯಾವ ಹಾಡಿನದು ಅಂತ ಗೊತ್ತೇ ಆಗುವುದಿಲ್ಲ. ಶುರುವಿನ ಒಂದು ಪುಟವಂತೂ ನಮ್ಮ ಚಿತ್ರಗೀತೆಗಳ ಹಿರಿಮೆಗೇ ಹೋಗಿದೆ. ಅದನ್ನು ತೆಗೆದುಬಿಡಿ. ಹಾಲಿವುಡ್ ಬಗ್ಗೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ತಪ್ಪು ಮೊದಲು ಸರಿಮಾಡಿ. 'ದ ವಿಜರ್ಡ್ ಆಫ್ ಓಜ್' ಸಿನಿಮಾದ 'ಓವರ್ ದ ರೇನ್‌ಬೋ' ಹಾಡಿದ್ದಕ್ಕೆ ನಟಿ ಜೂಡಿ ಗಾರ್ಲಂಡ್‌ಗೆ ಆಸ್ಕರ್ ಬಂತು ಅಂತ ಬರೆದಿದ್ದೀರಿ. ಈ ಪ್ರಶಸ್ತಿ ಹಾಡಿದವರಿಗಲ್ಲ, ಹಾಡು ಕಟ್ಟಿದವರಿಗೆ. 1939ರ ಆ ಹಾಡಿಗೆ ಅದನ್ನು ಪಡೆದವರು ರಾಗ ಹಾಕಿದ ಹೆರಾಲ್ಡ್ ಆರ್ಲೆನ್ ಮತ್ತು ಸಾಹಿತ್ಯ ಬರೆದ ಯಿಪ್ ಹಾರ್ಬರ್ಗ್. ಜೂಡಿಗೆ ಆ ವರ್ಷ ಸಿಕ್ಕಿದ್ದು ಎಳೆಯ ಕಲಾವಿದರಿಗೆ ಕೊಡುತ್ತಿದ್ದ ವಿಶೇಷ ಪ್ರಶಸ್ತಿ, ಅದೂ ಅಭಿನಯಕ್ಕೆ. ನಮ್ಮಲ್ಲಿ ಹಾಡು ಅಂದ ಕೂಡಲೇ ಗಾಯಕರೇ ನೆನಪಾಗುತ್ತಾರೆ, ಅಲ್ವಾ? ಓದುಗರೂ ಹಾಗೇ ಅಂದುಕೊಂಡಿರುತ್ತಾರೆ. ಅದಕ್ಕೇ ಇದನ್ನು ಲೇಖನದ ಮೊದಲಲ್ಲೇ ಹೇಳಿಬಿಡಿ.

ಅದೇ ಹಾಡಿಗೆ ನೀವು ಕೊಟ್ಟ ವಿಶೇಷಣ 'ಹೃದಯಸ್ಪರ್ಶಿ'. ಸ್ವಲ್ಪ ಕಿವಿಗೊಟ್ಟು ಕೇಳಿ. ಮೊದಲ ಪದದಲ್ಲೇ ದನಿ ಕೆಳಗಿನ 'ಸ'ದಿಂದ ಮೇಲಿನ 'ಸ'ಕ್ಕೆ ಒಂದೇ ಏಟಿಗೆ ಜಿಗಿಯುತ್ತದೆ. ಕಾನ್ಸಾಸ್‌ನ ಹೊಲದ ಮನೆಯಲ್ಲಿ ಯಾರೂ ತನ್ನ ಮಾತು ಕೇಳುತ್ತಿಲ್ಲ ಅಂತ ಬೇಸತ್ತ ಹುಡುಗಿ ಆ ಸಿನಿಮಾದ ನಾಯಕಿ. ಇಲ್ಲಿಂದ ಎಲ್ಲಾದರೂ ಹೋಗಬೇಕು ಅನ್ನುವ ಅವಳ ತವಕ ಆ ಜಿಗಿತದಲ್ಲೇ ಇದೆ. ನಡುವಿನ ಭಾಗಕ್ಕೆ ಬಂದರೆ ರಾಗ 'ಗ' ಮತ್ತು 'ಪ' ಈ ಎರಡೇ ಸ್ವರಗಳ ಮಧ್ಯೆ ತೊಟ್ಟಿಲಿನ ಹಾಗೆ ತೂಗುತ್ತದೆ. ಇಷ್ಟು ಹೇಳಿದರೆ ಓದುಗ ತಕ್ಷಣ ಹಾಡು ಹುಡುಕಿ ಕೇಳುತ್ತಾನೆ. ಪ್ರಿವ್ಯೂ ಆದಮೇಲೆ ಸಿನಿಮಾ ಉದ್ದವಾಯ್ತು ಅಂತ ಎಂಜಿಎಂ ಸ್ಟುಡಿಯೋದವರು ಕತ್ತರಿ ಹಾಕಲು ಹೊರಟಿದ್ದು ಇದೇ ಹಾಡಿಗೆ. ಇದನ್ನು ನೀವು ಬರೆದೇ ಇಲ್ಲ!

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಪ್ರಶಸ್ತಿ ಸಿಗದ ಹಾಡುಗಳನ್ನೆಲ್ಲ ನೀವು ಒಂದೇ ಗಂಟಿಗೆ ಕಟ್ಟಿದ್ದೀರಿ. 1954ರಲ್ಲಿ 'ದ ಮ್ಯಾನ್ ದಟ್ ಗಾಟ್ ಅವೇ' ಕಣದಲ್ಲಿತ್ತು, ಸೋತಿತು. 1943ರ 'ಒನ್ ಫಾರ್ ಮೈ ಬೇಬಿ'ಗೆ ನಾಮನಿರ್ದೇಶನವೇ ಸಿಗಲಿಲ್ಲ. ಸಿಕ್ಕಿದ್ದು ಅದೇ ಸಿನಿಮಾದ ಇನ್ನೊಂದು ಹಾಡಿಗೆ. 'ಕಾಸಾಬ್ಲಾಂಕಾ'ದ 'ಆ್ಯಸ್ ಟೈಮ್ ಗೋಸ್ ಬೈ'ಗೆ ಸ್ಪರ್ಧಿಸುವ ಹಕ್ಕೇ ಇರಲಿಲ್ಲ, ಏಕೆಂದರೆ ಹರ್ಮನ್ ಹಪ್‌ಫೆಲ್ಡ್ ಅದನ್ನು 1931ರಲ್ಲೇ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ನಾಟಕವೊಂದಕ್ಕೆ ಬರೆದಿದ್ದರು. 'ಸಿಂಗಿಂಗ್ ಇನ್ ದ ರೇನ್' ಹಾಡೂ ಹಾಗೇ. ಸಿನಿಮಾ 1952ರದ್ದು, ಹಾಡು 1929ರದ್ದು. ತೀರ್ಪುಗಾರರಿಗೆ ಕಿವಿ ಇರಲಿಲ್ಲ ಅಂತ ಈ ನಾಲ್ಕಕ್ಕೂ ಒಂದೇ ಸಮ ಬೈದಿದ್ದೀರಿ. ಬೈಯುವ ಮೊದಲು ಯಾವುದಕ್ಕೆ ಏನಾಯ್ತು ಅಂತ ನೋಡಬೇಕಿತ್ತು.

ಹಾಗೆ ನೋಡಿದ್ದರೆ ಒಂದು ಒಳ್ಳೆಯ ಕಥೆ ನಿಮ್ಮ ಕೈಗೇ ಸಿಗುತ್ತಿತ್ತು.

1937ಕ್ಕೆ ಹೋಗಿ. ಆ ವರ್ಷ ಗೆದ್ದಿದ್ದು ಬಿಂಗ್ ಕ್ರಾಸ್ಬಿ ಹಾಡಿದ 'ಸ್ವೀಟ್ ಲೇಲಾನಿ'. ಅದರ ಎದುರು ಸೋತಿದ್ದು ಗರ್ಷ್‌ವಿನ್ ಸಹೋದರರ 'ದೇ ಕಾಂಟ್ ಟೇಕ್ ದಟ್ ಅವೇ ಫ್ರಮ್ ಮಿ'. ಮಂಜು ಮುಸುಕಿದ ಫೆರಿಯ ಡೆಕ್ ಮೇಲೆ ನಿಂತು ಫ್ರೆಡ್ ಆಸ್ಟೇರ್ ಜಿಂಜರ್ ರೋಜರ್ಸ್‌ಗೆ ಇದನ್ನು ಹಾಡುತ್ತಾರೆ. ನೀನು ಟೋಪಿ ಹಾಕಿಕೊಳ್ಳುವ ರೀತಿ, ಟೀ ಗುಟುಕರಿಸುವ ರೀತಿ, ಇವನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು ಅನ್ನುವ ಅರ್ಥದ ಹಾಡು. ಕುಣಿತಕ್ಕೇ ಹೆಸರಾದ ಜೋಡಿ ಅದು. ಆದರೂ ಹಾಡು ಮುಗಿದಮೇಲೆ ಇಬ್ಬರೂ ಕುಣಿಯುವುದಿಲ್ಲ, ಸುಮ್ನೆ ನಿಂತಿರುತ್ತಾರೆ. ಈ ರಾಗಕ್ಕೆ ಅವರು ಜೊತೆಯಾಗಿ ಹೆಜ್ಜೆ ಹಾಕಿದ್ದು 1949ರ ಇನ್ನೊಂದು ಸಿನಿಮಾದಲ್ಲಿ. ರಾಗ ಹಾಕಿದ ಜಾರ್ಜ್ ಗರ್ಷ್‌ವಿನ್ 1937ರ ಜುಲೈನಲ್ಲಿ ತೀರಿಕೊಂಡರು. ವಯಸ್ಸು 38. ಅವರಿಗೆ ಬಂದ ಒಂದೇ ಒಂದು ಆಸ್ಕರ್ ನಾಮನಿರ್ದೇಶನ ಇದು, ಅದೂ ಸತ್ತಮೇಲೆ.

ಗೆದ್ದ ಹಾಡನ್ನು ನೀವು 'ಕಳಪೆ' ಅಂದಿದ್ದೀರಿ. ಗೆದ್ದವರನ್ನು ಕೆಳಗಿಳಿಸಿದರೆ ಸೋತವರು ಮೇಲೇರುವುದಿಲ್ಲ. ಅದರ ಹಿನ್ನೆಲೆ ಹುಡುಕಿ. ಹೊನೊಲುಲುವಿನಲ್ಲಿ ವಾದ್ಯವೃಂದ ನಡೆಸುತ್ತಿದ್ದ ಹ್ಯಾರಿ ಓವೆನ್ಸ್ ಅದನ್ನು ಕಟ್ಟಿದ್ದು 1934ರಲ್ಲಿ, ಮಗಳು ಹುಟ್ಟಿದ ಖುಷಿಗೆ. ಅಂದರೆ ಅದು ಸಿನಿಮಾಕ್ಕಾಗಿ ಬರೆದ ಹಾಡೇ ಅಲ್ಲ. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ.

ಈಗ 1941. ಹಿಂದಿನ ವರ್ಷದ ಜೂನ್‌ನಲ್ಲಿ ಪ್ಯಾರಿಸ್ ನಾಜಿಗಳ ಕೈಸೇರಿತ್ತು. ಆ ಸಂಕಟದಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ಸಾಲುಗಳಿಗೆ ಜೆರೋಮ್ ಕರ್ನ್ ರಾಗ ಹಾಕಿದರು. ಅದೇ 'ದ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್'. ಜನಕ್ಕೆ ಇಷ್ಟವಾದಮೇಲೆ ಅದನ್ನು ಎಂಜಿಎಂನವರು 'ಲೇಡಿ ಬಿ ಗುಡ್' ಚಿತ್ರಕ್ಕೆ ಸೇರಿಸಿಕೊಂಡರು, ಪ್ರಶಸ್ತಿಯೂ ಬಂತು. ಆದರೆ ಗೆದ್ದ ಕರ್ನ್ ಅವರಿಗೇ ಅದು ಸರಿಕಾಣಲಿಲ್ಲ. ಅದೇ ವರ್ಷ ಕಣದಲ್ಲಿ ಆರ್ಲೆನ್ ಮತ್ತು ಜಾನಿ ಮರ್ಸರ್ ಅವರ 'ಬ್ಲೂಸ್ ಇನ್ ದ ನೈಟ್' ಇತ್ತು, ಸಿನಿಮಾಕ್ಕೆಂದೇ ಕಟ್ಟಿದ ಹಾಡು. ಗೆಲ್ಲಬೇಕಾಗಿದ್ದು ಅದು ಅಂದರು ಕರ್ನ್. ನಿಯಮ ಬದಲಾಗಬೇಕು ಅಂತ ಪಟ್ಟು ಹಿಡಿದರು. ಸಿನಿಮಾಕ್ಕಾಗಿಯೇ ಬರೆದ ಹಾಡಿಗೆ ಮಾತ್ರ ಪ್ರಶಸ್ತಿ ಅಂತ ಆಯಿತು. ಗೆದ್ದವರೊಬ್ಬರು ತಮ್ಮ ಗೆಲುವಿನ ವಿರುದ್ಧವೇ ಮಾತಾಡಿದ ಈ ಪ್ರಸಂಗ ನಿಮ್ಮ ಲೇಖನದಲ್ಲಿ ಒಂದು ವರ್ಷ, ಎರಡು ವಿಶೇಷಣ ಆಗಿ ಕೂತಿದೆ. ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ.

ಆಮೇಲೆ 1943ರ ಸಾಲಿನ ಪ್ರಶಸ್ತಿಗಳು. 'ಕಾಸಾಬ್ಲಾಂಕಾ' ಅತ್ಯುತ್ತಮ ಚಿತ್ರವಾಯಿತು. ಆದರೆ ಎಲ್ಲರ ಬಾಯಲ್ಲೂ ಇದ್ದ ಅದರ ಹಾಡು ಹೊಸ ನಿಯಮದ ಪ್ರಕಾರ ಹೊರಗೇ ಉಳಿಯಿತು. ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೂ ಆ ಹಾಡು ಬೇಡವಾಗಿತ್ತು, ಬೇರೆ ಹಾಕೋಣ ಅಂದಿದ್ದರು. ಮತ್ತೆ ಚಿತ್ರೀಕರಣ ಮಾಡಬೇಕೆಂದರೆ ಇಂಗ್ರಿಡ್ ಬರ್ಗ್‌ಮನ್ ಅಷ್ಟರಲ್ಲಿ ಮುಂದಿನ ಪಾತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಿದ್ದರು. ಹಾಗಾಗಿ ಹಾಡು ಉಳಿಯಿತು. ಪರದೆಯ ಮೇಲೆ ಪಿಯಾನೋ ಮುಂದೆ ಕೂತು ಅದನ್ನು ಹಾಡುವ ಡೂಲಿ ವಿಲ್ಸನ್ ಅಸಲಿಗೆ ಡ್ರಮ್ಮರ್, ಅವರಿಗೆ ಪಿಯಾನೋ ನುಡಿಸಲು ಬರುತ್ತಿರಲಿಲ್ಲ. ಅವರ ಬೆರಳುಗಳನ್ನು ಗಮನಿಸಿ ನೋಡಿ.

ಈ ಮೂರು ಹಾಡುಗಳೇ ನಿಮ್ಮ ಲೇಖನ. 'ಸ್ವೀಟ್ ಲೇಲಾನಿ'ಗೆ ಬಾಗಿಲು ತೆರೆದಿತ್ತು, 'ದ ಲಾಸ್ಟ್ ಟೈಮ್ ಐ ಸಾ ಪ್ಯಾರಿಸ್'ನಿಂದ ಬಾಗಿಲು ಮುಚ್ಚಿತು, 'ಆ್ಯಸ್ ಟೈಮ್ ಗೋಸ್ ಬೈ' ಹೊರಗೆ ನಿಂತಿತು. ಉಳಿದ ಇಪ್ಪತ್ತೊಂದನ್ನು ಧೈರ್ಯವಾಗಿ ಬಿಡಿ.

'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಸಿನಿಮಾದ 'ಮೂನ್ ರಿವರ್' ಭಾಗ ಬಿಡಲು ನಿಮಗೆ ಕಷ್ಟವಾಗುತ್ತದೆ, ಗೊತ್ತು. ತಲೆಗೆ ಟವೆಲ್ ಸುತ್ತಿ, ಗಿಟಾರ್ ಹಿಡಿದು ಕಿಟಕಿಯಲ್ಲಿ ಕೂತ ಆಡ್ರಿ ಹೆಪ್‌ಬರ್ನ್ ಬಗ್ಗೆ 'ಅದು ಗಾಯಕಿಯ ದನಿಯಲ್ಲ, ಒಂಟಿ ಹೆಣ್ಣಿನ ದನಿ' ಅಂತ ಬರೆದಿದ್ದೀರಿ. ನಿಮ್ಮ ಲೇಖನದಲ್ಲೇ ಅತ್ಯಂತ ಒಳ್ಳೆಯ ವಾಕ್ಯ ಅದು. ಅವರ ದನಿ ಎಷ್ಟು ದೂರ ಹೋಗುತ್ತೆ ಅಂತ ಅಳೆದೇ ಹೆನ್ರಿ ಮ್ಯಾನ್ಸಿನಿ ಆ ರಾಗ ಕಟ್ಟಿದ್ದರು. 1964ರ 'ಮೈ ಫೇರ್ ಲೇಡಿ'ಯಲ್ಲಿ ಅದೇ ಆಡ್ರಿಗೆ ಬಹುಪಾಲು ದನಿ ಕೊಟ್ಟಿದ್ದು ಮಾರ್ನಿ ನಿಕ್ಸನ್. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ, ಇನ್ನೊಂದು ಲೇಖನವೇ ಆಗುತ್ತದೆ. ಇದಕ್ಕೆ ತುರುಕಬೇಡಿ.

ಸಾವಿರದ ಇನ್ನೂರು ಪದ ದಾಟದಿರಲಿ. ಇಂಗ್ಲಿಷ್ ಸಾಹಿತ್ಯವನ್ನು ಪೂರ್ತಿ ಹಾಕಬೇಡಿ, ಅರ್ಥ ಹೇಳಿದರೆ ಸಾಕು. ಪ್ರತಿ ಹಾಡಿನ ಸಂಗೀತಗಾರರ, ಸಾಹಿತಿಗಳ ಹೆಸರು ತಪ್ಪದೆ ಇರಲಿ. ತಿದ್ದಿದ ಪ್ರತಿಯನ್ನು ಸಂಪಾದಕ ವಿಭಾಗಕ್ಕಲ್ಲ, ನೇರವಾಗಿ ನನಗೇ ಕಳಿಸಿ. ಮೊದಲು 1941ರ ಭಾಗವನ್ನಷ್ಟೇ ಬರೆದು ಕಳಿಸಿದರೂ ಸರಿ, ಓದಿ ಹೇಳುತ್ತೇನೆ.