ಹತ್ತು ಡೆಸಿಬಲ್ ಅಂದರೆ ಎಷ್ಟು ಜಾಸ್ತಿ?

ಪತ್ರ: ಗಣೇಶನ ಹಬ್ಬಕ್ಕೆ ನಮ್ಮ ಬೀದಿಯಲ್ಲಿ ನಾಲ್ಕು ಸೌಂಡ್ ಬಾಕ್ಸ್ ಇಟ್ಟಿದ್ದರು. ಒಳಗೆ ವಯಸ್ಸಾದ ಅಮ್ಮ ಮಲಗಿದ್ದರು. ಗೇಟಿನ ಹತ್ತಿರ ಮೊಬೈಲ್ ಆ್ಯಪ್ 94 ಡೆಸಿಬಲ್ ತೋರಿಸಿತು. ಮನೆಯ ಮಿಕ್ಸಿ ಪಕ್ಕ ಹಿಡಿದರೆ 84. 'ಹತ್ತೇ ಜಾಸ್ತಿ, ಅದಕ್ಕೇನು ಅಂಕಲ್' ಅಂದರು ಹುಡುಗರು. ನನಗೆ ಉತ್ತರ ಹೊಳೆಯಲಿಲ್ಲ. ಹಾಗಾದರೆ ಎರಡು ಮಿಕ್ಸಿ ಒಟ್ಟಿಗೆ ಹಾಕಿದರೆ 168 ಆಗುತ್ತದೆಯೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ: ಆಗುವುದಿಲ್ಲ. ಎರಡು ಮಿಕ್ಸಿಗೆ 87 ಆಗುತ್ತದೆ, ಅಷ್ಟೇ. ಹತ್ತು ಮಿಕ್ಸಿ ಒಟ್ಟಿಗೆ ತಿರುಗಿಸಿದರೆ 94. ಅಂದರೆ ನಿಮ್ಮ ಗೇಟಿನ ಮುಂದೆ ಹತ್ತು ಮಿಕ್ಸಿಯಷ್ಟು ಸದ್ದಿನ ಶಕ್ತಿ ಬಂದು ಬೀಳುತ್ತಿತ್ತು. ಹುಡುಗರಿಗೆ ಹೇಳಬೇಕಾದ ಮಾತು ಇದೇ.

ಡೆಸಿಬಲ್ ಕೂಡಿಸುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ನಮ್ಮ ಕಿವಿಗೆ ಕೇಳಿಸುವ ತೀರಾ ಸಣ್ಣ ಸದ್ದನ್ನು ಒಂದು ಎಂದಿಟ್ಟುಕೊಳ್ಳಿ. ಕಿವಿ ನೋಯಿಸುವಂಥ ಸದ್ದು ಅದರ ಲಕ್ಷ ಕೋಟಿ ಪಟ್ಟು. ಇಷ್ಟು ದೊಡ್ಡ ಸಂಖ್ಯೆ ಬರೆಯುವ ಬದಲು ಅದರ ಸೊನ್ನೆಗಳನ್ನು ಮಾತ್ರ ಎಣಿಸುತ್ತಾರೆ. ಒಂದು ಸೊನ್ನೆಗೆ ಒಂದು ಬೆಲ್. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಅದು. ಬೆಲ್‌ನ ಹತ್ತನೇ ಒಂದು ಭಾಗ ಡೆಸಿಬಲ್. ಪಿಸುಮಾತು ಸುಮಾರು 30 ಡೆಸಿಬಲ್, ಅಂದರೆ ಮೂರು ಸೊನ್ನೆ, ಸಾವಿರ ಪಟ್ಟು. ಎದುರು ಕೂತು ಆಡುವ ಮಾತು 60, ಅದು ಹತ್ತು ಲಕ್ಷ ಪಟ್ಟು. 90 ಅಂದರೆ ನೂರು ಕೋಟಿ ಪಟ್ಟು.

ಆದರೆ ಹುಡುಗರಿಗೆ ಅದು ದೊಡ್ಡದು ಅನಿಸದೇ ಇರುವುದಕ್ಕೂ ಕಾರಣ ಇದೆ. ಶಕ್ತಿ ಹತ್ತು ಪಟ್ಟಾದರೂ ನಮಗೆ ಕೇಳುವಾಗ ಸದ್ದು ಹೆಚ್ಚು ಕಡಿಮೆ ಎರಡು ಪಟ್ಟು ಅಷ್ಟೇ ಅನಿಸುತ್ತದೆ. ಪೆಟ್ಟು ಬೀಳುವುದು ಮಾತ್ರ ಪೂರ್ತಿ ಹತ್ತು ಪಟ್ಟಿನದು.

ಇನ್ನೊಂದು ವಿಷಯ ಹೊತ್ತಿನದು. ಚಟ್ನಿ ರುಬ್ಬುವುದು ಎರಡು ನಿಮಿಷದ ಕೆಲಸ. ಸೌಂಡ್ ಬಾಕ್ಸ್ ಸಂಜೆಯಿಂದ ರಾತ್ರಿವರೆಗೂ ಹಾಡುತ್ತಿರುತ್ತದೆ. ಕೆಲಸಗಾರರ ಕಿವಿ ಉಳಿಸಲು ಅಮೆರಿಕದಲ್ಲಿ ಮಾಡಿದ ಲೆಕ್ಕ ಒಂದಿದೆ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯಬೇಕು. 88ಕ್ಕೆ 4 ಗಂಟೆ, 91ಕ್ಕೆ 2, ನಿಮ್ಮ 94ಕ್ಕೆ ಒಂದೇ ಗಂಟೆ. 100 ಆದರೆ ಕಾಲು ಗಂಟೆ.

ನನಗೆ ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. ನಮ್ಮ ದೊಡ್ಡಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮಗ್ಗದ ಮುಂದೆ ವರ್ಷಗಟ್ಟಲೆ ದುಡಿದವರು. ಮನೆಯಲ್ಲಿ ಕೂಗಿ ಮಾತಾಡುತ್ತಿದ್ದರು. ಸಿಟ್ಟಿನ ಮನುಷ್ಯ ಎಂದು ನಾವು ಮಕ್ಕಳು ಹೆದರಿ ದೂರ ಇರುತ್ತಿದ್ದೆವು. ಅವರಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ, ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚು ದನಿ ಕೇಳುವ ಶಕ್ತಿ. 'ಸ', 'ಶ' ಮಸುಕಾಗುತ್ತವೆ, ಮಕ್ಕಳ ಮಾತು ಅರ್ಥವಾಗುವುದಿಲ್ಲ. ನೋವು ಇಲ್ಲದ ಕಾರಣ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ.

ನಿಮ್ಮ ಆ್ಯಪ್ ಬಗ್ಗೆಯೂ ಒಂದು ಮಾತು. ಅದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಮೊಬೈಲಿನ ಮೈಕ್ ಇರುವುದು ಮಾತಿಗೆ, ಜೋರು ಸದ್ದಿಗೆ ಅದು ತಡವರಿಸುತ್ತದೆ. ಅಲ್ಲದೆ ಸಾಮಾನ್ಯವಾಗಿ ಬಳಸುವುದು ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸಿದ 'ಎ' ಅಳತೆ. ಅದು ಬೇಸ್‌ನಂಥ ದಪ್ಪ ದನಿಯನ್ನು ಕಡಿಮೆ ಎಣಿಸುತ್ತದೆ. ಡಿಜೆಯ ಬೇಸ್‌ಗೆ ಕಿಟಕಿ ಗಾಜು ನಡುಗಿ, ಎದೆ ಗುದ್ದಿದಂತಾದರೂ ಅಂಕಿ ಅಷ್ಟೇನೂ ಏರದಿರುವುದು ಇದಕ್ಕೇ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬೀದಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಮಿತಿಗಿಂತ 10 ಡೆಸಿಬಲ್ ಜಾಸ್ತಿಯಾದರೆ ಯಾರು ಬೇಕಾದರೂ ದೂರು ಕೊಡಬಹುದು.

ಆದರೆ ಅವರು ನಿಮ್ಮದೇ ಬೀದಿಯ ಹುಡುಗರು, ಮೊದಲು ಕೂತು ಮಾತಾಡಿ. ಮಾತಿಗೆ ಒಪ್ಪಿ ನಾಲ್ಕರಲ್ಲಿ ಎರಡು ಬಾಕ್ಸ್ ತೆಗೆದರೆ ಸಮಾಧಾನ ಪಡಬೇಡಿ, ಅದರಿಂದ ಇಳಿಯುವುದು ಬರೀ 3 ಡೆಸಿಬಲ್. ಬಾಕ್ಸುಗಳು ನಾಲ್ಕೇ ಇರಲಿ, ಆಂಪ್ಲಿಫೈಯರಿನ ಗುಬುಟು ತಿರುಗಿಸಿ 10 ಡೆಸಿಬಲ್ ಇಳಿಸಲು ಹೇಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಬೀದಿಯಲ್ಲಿ ಗೋಡೆಗೆ ಬಡಿದು ವಾಪಸ್ ಬರುವುದರಿಂದ ಅಷ್ಟು ಸಿಗುವುದಿಲ್ಲ. ಆದರೂ ಬಾಕ್ಸನ್ನು ಮನೆಗಳಿಂದ ದೂರ ಸರಿಸಿ, ಮುಖ ಬೇರೆ ಕಡೆ ತಿರುಗಿಸಿದರೆ ಅಮ್ಮನಿಗೆ ಆರಾಮ ಆಗುತ್ತದೆ. ಮುಂದಿನ ಸಲ ಗೇಟಿನಲ್ಲಿ ಅಲ್ಲ, ಅಮ್ಮನ ಮಂಚದ ಪಕ್ಕ ನಿಂತು ಅಳೆಯಿರಿ. ಎಷ್ಟು ಹೊತ್ತು ಎಂಬುದನ್ನೂ ಬರೆದುಕೊಂಡು ಆ ಚೀಟಿಯನ್ನು ಹುಡುಗರಿಗೆ ತೋರಿಸಿ. ಏನಾಯಿತು ಎಂದು ನಮಗೂ ಬರೆಯಿರಿ.