ಲಿನಕ್ಸ್ ಪ್ರಶ್ನೋತ್ತರ: ಫಾರ್ಮ್ಯಾಟ್ ಮಾಡುವ ಮುಂಚೆ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವು. ಹೆಚ್ಚಿನವರು ಬರೆದಿರುವ ಮಾತು ಒಂದೇ: "ಎರಡು ಸಲ ಫಾರ್ಮ್ಯಾಟ್ ಮಾಡಿಸಿ ಮತ್ತೆ ಹಾಕಿಸಿದೆವು, ಆದರೂ ಹಾಗೇ ಇದೆ." ಈ ಆರರಲ್ಲಿ ಒಂದಕ್ಕೂ ಫಾರ್ಮ್ಯಾಟ್ ಬೇಕಿರಲಿಲ್ಲ. ತಪ್ಪು ಎಲ್ಲಿದೆ ಎಂದು ಯಂತ್ರವೇ ಬರೆದಿಟ್ಟಿರುತ್ತದೆ, ಅದನ್ನು ಓದಬೇಕು ಅಷ್ಟೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. 'ಸುಡೊ' ಎಂದರೆ ಮುಂದಿನ ಕಮಾಂಡನ್ನು ಆಡಳಿತದ ಅಧಿಕಾರದಿಂದ ನಡೆಸು ಎಂದರ್ಥ.

ಪ್ರಶ್ನೆ: ನಮ್ಮದು ಶೇಂಗಾ ಎಣ್ಣೆ ಮಿಲ್ಲು. ವೇಬ್ರಿಡ್ಜ್‌ನ ಇಂಡಿಕೇಟರ್‌ನಿಂದ ಕಂಪ್ಯೂಟರಿಗೆ ಯುಎಸ್‌ಬಿ ಸೀರಿಯಲ್ ಕೇಬಲ್ ಇದೆ. ವಿಂಡೋಸ್ ತೆಗೆಸಿ ಉಬುಂಟು 22.04 ಹಾಕಿಸಿದ ದಿನದಿಂದ ಲಾರಿ ತೂಕ ಸ್ಕ್ರೀನಿಗೆ ಬರುತ್ತಿಲ್ಲ. ಕೇಬಲ್ ಎರಡು ಸಲ ಬದಲಿಸಿದೆವು. ಲಿನಕ್ಸ್‌ಗೆ ಇದರ ಡ್ರೈವರ್ ಇಲ್ಲ ಅನ್ನುತ್ತಾರೆ, ನಿಜವೇ?
– ಓದುಗರು, ಚಳ್ಳಕೆರೆ

ಉತ್ತರ: ನಿಜವಲ್ಲ. ಅಗ್ಗದ ಕೇಬಲ್‌ಗಳಲ್ಲಿರುವ ಸಿಎಚ್340 ಚಿಪ್‌ಗೆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ. ಹೊರಗಿನಿಂದ ಏನನ್ನೂ ತರಬೇಕಿಲ್ಲ. ನಿಮ್ಮ 22.04 ಆವೃತ್ತಿಯಲ್ಲಿ ಬೇರೊಂದು ಪ್ರೋಗ್ರಾಂ ಆ ಕೇಬಲ್ಲನ್ನು ಕಿತ್ತುಕೊಳ್ಳುತ್ತಿದೆ.

ಕೇಬಲ್ ತೆಗೆದು ಮತ್ತೆ ಚುಚ್ಚಿ, 'ಸುಡೊ ಡಿಎಂಇಎಸ್‌ಜಿ' ಕೊಟ್ಟು ಕೊನೆಯ ಹತ್ತು ಸಾಲು ನೋಡಿ. ಮೊದಲು ಕೇಬಲ್ ಟಿಟಿವೈಯುಎಸ್‌ಬಿ0 ಎಂಬ ಹೆಸರಲ್ಲಿ ಸೇರಿಕೊಂಡಿತು ಎಂಬ ಸಾಲು ಇರುತ್ತದೆ. ಅದರ ಕೆಳಗೇ ಬಿಆರ್‌ಎಲ್‌ಟಿಟಿವೈ ಎಂಬ ಹೆಸರು, ಮರುಸಾಲಿನಲ್ಲಿ 'ಡಿಸ್ಕನೆಕ್ಟೆಡ್' ಎಂಬ ಮಾತು ಕಂಡರೆ ಕಳ್ಳ ಸಿಕ್ಕ ಹಾಗೆ. ಬಿಆರ್‌ಎಲ್‌ಟಿಟಿವೈ ಎಂಬುದು ದೃಷ್ಟಿ ಇಲ್ಲದವರು ಬಳಸುವ ಬ್ರೈಲ್ ಫಲಕಗಳನ್ನು ನಡೆಸುವ ಪ್ರೋಗ್ರಾಂ. ಕೆಲವು ಬ್ರೈಲ್ ಫಲಕಗಳಲ್ಲೂ 1ಎ86:7523 ಎಂಬ ಇದೇ ಗುರುತಿನ ಚಿಪ್ ಇರುವುದರಿಂದ, ನಿಮ್ಮ ತೂಕದ ಕೇಬಲ್ಲನ್ನೂ ಅದು ಬ್ರೈಲ್ ಫಲಕವೆಂದೇ ತಿಳಿಯುತ್ತದೆ. ಕಚೇರಿಯಲ್ಲಿ ಬ್ರೈಲ್ ಬಳಸುವವರು ಯಾರೂ ಇಲ್ಲದಿದ್ದರೆ 'ಸುಡೊ ಎಪಿಟಿ ರಿಮೂವ್ ಬಿಆರ್‌ಎಲ್‌ಟಿಟಿವೈ' ಕೊಡಿ, ಕೇಬಲ್ ಮತ್ತೆ ಚುಚ್ಚಿ. ಬಳಸುವವರಿದ್ದರೆ ದಯವಿಟ್ಟು ಅದನ್ನು ತೆಗೆಯಬೇಡಿ. ಅದರ ಯುಡೆವ್ ನಿಯಮದ (ಚುಚ್ಚಿದ ಸಾಧನ ಕಂಡಾಗ ಏನು ಮಾಡಬೇಕೆಂಬ ನಿಯಮ) ಫೈಲನ್ನು /ಇಟಿಸಿ/ಯುಡೆವ್/ರೂಲ್ಸ್.ಡಿ ಫೋಲ್ಡರಿಗೆ ಅದೇ ಹೆಸರಲ್ಲಿ ನಕಲು ಮಾಡಿ, 1ಎ86 ಇರುವ ಆ ಒಂದು ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಸಾಕು.

ಇಷ್ಟಾದ ಮೇಲೆ 'ಪರ್ಮಿಷನ್ ಡಿನೈಡ್' ಬರಬಹುದು. ಸೀರಿಯಲ್ ಪೋರ್ಟ್ ಡಯಲ್‌ಔಟ್ ಎಂಬ ಗುಂಪಿಗೆ ಸೇರಿದ್ದು, ನಿಮ್ಮ ಯೂಸರ್ ಆ ಗುಂಪಿನಲ್ಲಿ ಇರಬೇಕು. 'ಸುಡೊ ಯೂಸರ್‌ಮಾಡ್ -ಎಜಿ ಡಯಲ್‌ಔಟ್' ಎಂದು ಬರೆದು ನಿಮ್ಮ ಯೂಸರ್ ಹೆಸರು ಸೇರಿಸಿ. ಇಲ್ಲಿ 'ಎ' ಸಣ್ಣಕ್ಷರ, 'ಜಿ' ದೊಡ್ಡಕ್ಷರ. ಆ 'ಎ' ಮರೆತರೆ ಉಳಿದೆಲ್ಲ ಗುಂಪುಗಳಿಂದ ನಿಮ್ಮ ಹೆಸರು ಹೊರಬೀಳುತ್ತದೆ. ಸುಡೊ ಅಧಿಕಾರವೂ ಹೋಗುತ್ತದೆ, ಆಮೇಲೆ ರಿಕವರಿ ಮೋಡಿಗೆ ಹೋಗಿ ಸರಿಪಡಿಸಬೇಕು. ಎರಡು ಸಲ ಓದಿ ಆಮೇಲೆ ಎಂಟರ್ ಒತ್ತಿ. ಲಾಗ್‌ಔಟ್ ಆಗಿ ಬಂದ ಮೇಲಷ್ಟೇ ಹೊಸ ಗುಂಪು ಜಾರಿಗೆ ಬರುತ್ತದೆ.

ಈಗ 'ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಯುಎಸ್‌ಬಿ0 9600 ಆರ್‌ಎಡಬ್ಲ್ಯು' ಕೊಡಿ. ಇಲ್ಲಿ 'ಎಫ್' ದೊಡ್ಡಕ್ಷರ, ಪೋರ್ಟಿನ ಹೆಸರಲ್ಲಿ ಟಿಟಿವೈ ಸಣ್ಣಕ್ಷರ, ಯುಎಸ್‌ಬಿ ದೊಡ್ಡಕ್ಷರ. ಆಮೇಲೆ 'ಕ್ಯಾಟ್ /ಡೆವ್/ಟಿಟಿವೈಯುಎಸ್‌ಬಿ0' ಕೊಟ್ಟರೆ ತೂಕದ ಅಂಕಿಗಳು ಸಾಲಾಗಿ ಇಳಿಯಬೇಕು. ಚೌಕಳಿ, ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ವೇಗ ಹೊಂದಿಲ್ಲ ಎಂದರ್ಥ. ಇಂಡಿಕೇಟರ್‌ನ ಸೆಟಪ್ ಮೆನುವಿನಲ್ಲಿ ಬಾಡ್ ರೇಟ್ 1200, 2400, 4800, 9600ರಲ್ಲಿ ಯಾವುದಿದೆ ನೋಡಿ ಅದನ್ನೇ ಕೊಡಿ. ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್) ಕೂಡ ಹೊಂದಬೇಕು.

ಏನೂ ಬಾರದಿದ್ದರೆ ತಂತಿ ನೋಡಿ. ಒಂಬತ್ತು ಪಿನ್ನಿನ ಕನೆಕ್ಟರ್‌ನಲ್ಲಿ ಮುಖ್ಯವಾದವು 2, 3 ಮತ್ತು 5. ಇಂಡಿಕೇಟರ್ ಆನ್ ಇರಲಿ, ಅದರ ಕಡೆಯ ತುದಿ ಬಿಚ್ಚಿರಲಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ತಂತಿ ಇಂಡಿಕೇಟರ್‌ನ ಕನೆಕ್ಟರಿನ 5ಕ್ಕೆ ತಾಗಿಸಿ, ಕೆಂಪನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಯಾವುದರಲ್ಲಿ ಮೈನಸ್ 5ರಿಂದ ಮೈನಸ್ 12ರ ಆಸುಪಾಸು ಬರುತ್ತದೋ ಅದೇ ಕಳಿಸುವ ಪಿನ್, ಏಕೆಂದರೆ ಆರ್‌ಎಸ್-232 ಎಂಬ ಈ ಬಗೆಯ ಸೀರಿಯಲ್ ತಂತಿ ಸುಮ್ಮನಿದ್ದಾಗ ಋಣ ವೋಲ್ಟೇಜಿನಲ್ಲಿರುತ್ತದೆ. ಆ ತಂತಿ ಕಂಪ್ಯೂಟರ್ ಕಡೆಯ ಕನೆಕ್ಟರ್‌ನ 2ಕ್ಕೆ ಬರಬೇಕು. 3ಕ್ಕೆ ಬಂದಿದ್ದರೆ ಎರಡನ್ನೂ ಅದಲುಬದಲು ಮಾಡಿ.

ಮಿಲ್ಲಿನಲ್ಲಿ ಇನ್ನೊಂದು ಕಾಟವುಂಟು. ದೊಡ್ಡ ಮೋಟರ್ ಶುರುವಾದಾಗ ಕರೆಂಟು ಕುಸಿದು ಯುಎಸ್‌ಬಿ ಒಂದು ಕ್ಷಣ ಬಿಟ್ಟು ಹಿಡಿಯುತ್ತದೆ. ತೂಕದ ಸಾಫ್ಟ್‌ವೇರ್ ಹಳೆಯ 0 ಹೆಸರನ್ನು ಹಿಡಿದೇ ಇರುವುದರಿಂದ ಕೇಬಲ್ ಟಿಟಿವೈಯುಎಸ್‌ಬಿ1 ಆಗಿ ಮೇಲೇಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಈ ಹೆಸರಿನ ಬದಲು /ಡೆವ್/ಸೀರಿಯಲ್/ಬೈ-ಪಾತ್ ಫೋಲ್ಡರ್‌ನಲ್ಲಿರುವ ಉದ್ದ ಹೆಸರನ್ನು ಕೊಡಿ. ಅದು ಕೇಬಲ್ ಚುಚ್ಚಿದ ತೂತಿಗೆ ಅಂಟಿದ ಹೆಸರು, ಬದಲಾಗದು. ಅಂದಮೇಲೆ ಕೇಬಲ್ಲನ್ನೂ ಯಾವಾಗಲೂ ಅದೇ ತೂತಿಗೆ ಹಾಕಬೇಕು. ಸೀರಿಯಲ್ ತಂತಿ ಮೋಟರ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಬೇಡ. 15 ಮೀಟರಿಗಿಂತ ದೂರವಿದ್ದರೆ ಹೆಚ್ಚು ದೂರಕ್ಕೆ ಒಗ್ಗುವ ಆರ್‌ಎಸ್-485 ಪರಿವರ್ತಕ ಹಾಕಿಸಿ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ 24 ಯಂತ್ರಗಳು. ಒಂದಕ್ಕೆ ಉಬುಂಟು ಸರ್ವರ್, ಅದರ ಮೇಲೆ ಹಗುರ ಡೆಸ್ಕ್‌ಟಾಪ್ ಹಾಕಿ ಅದೇ ಡಿಸ್ಕನ್ನು ಉಳಿದವಕ್ಕೆ ಕ್ಲೋನ್ ಮಾಡಿದೆವು. ಈಗ ಎಲ್ಲಕ್ಕೂ ಒಂದೇ ಐಪಿ ಬರುತ್ತಿದೆ. ಒಂದು ಯಂತ್ರಕ್ಕೆ ನೆಟ್ ಬಂದರೆ ಪಕ್ಕದ್ದಕ್ಕೆ ಹೋಗುತ್ತದೆ. ಮ್ಯಾಕ್ ವಿಳಾಸ ಬೇರೆ ಬೇರೆಯೇ ಇದೆಯಲ್ಲ?
– ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ಬೇರೆ ಇದ್ದರೂ ರೌಟರ್ ಇಲ್ಲಿ ಅದನ್ನು ನೋಡುತ್ತಿಲ್ಲ. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಂಡಿ-ನೆಟ್‌ವರ್ಕ್‌ಡಿ, ಡಿಎಚ್‌ಸಿಪಿ (ರೌಟರ್‌ನಲ್ಲಿ ಐಪಿ ಹಂಚುವ ವ್ಯವಸ್ಥೆ) ಬಳಿ ಐಪಿ ಕೇಳುವಾಗ ತನ್ನ ಗುರುತನ್ನು /ಇಟಿಸಿ/ಮಷಿನ್-ಐಡಿ ಫೈಲಿನಿಂದ ಹುಟ್ಟಿಸಿ ಕಳಿಸುತ್ತದೆ. ಕ್ಲೋನ್ ಮಾಡಿದಾಗ ಆ ಫೈಲೂ ನಕಲಾಯಿತು. ರೌಟರ್ ಕಣ್ಣಿಗೆ 24 ಯಂತ್ರಗಳೂ ಒಂದೇ.

ಪ್ರತಿ ಯಂತ್ರದಲ್ಲೂ 'ಸುಡೊ ಟ್ರಂಕೇಟ್ -ಎಸ್ 0 /ಇಟಿಸಿ/ಮಷಿನ್-ಐಡಿ' ಕೊಟ್ಟು ರೀಬೂಟ್ ಮಾಡಿ. ಫೈಲನ್ನು ಅಳಿಸಬೇಡಿ, ಖಾಲಿ ಮಾಡಿ. ಖಾಲಿ ಫೈಲ್ ಕಂಡರೆ ಸಿಸ್ಟಂ ಏಳುವಾಗ ಹೊಸ ಗುರುತನ್ನು ತಾನೇ ಬರೆದುಕೊಳ್ಳುತ್ತದೆ. /ವಿಎಆರ್/ಲಿಬ್/ಡಿಬಸ್ ಒಳಗಿನ ಮಷಿನ್-ಐಡಿ ಇದೇ ಫೈಲಿಗೆ ಕೊಂಡಿ (ಸಿಂಬಾಲಿಕ್ ಲಿಂಕ್) ಆಗಿರಬೇಕು. ಬಿಡಿ ಫೈಲಾಗಿದ್ದರೆ ಹಳೆಯ ಗುರುತು ಅಲ್ಲಿಂದಲೇ ಮತ್ತೆ ಬರುತ್ತದೆ, ಹಾಗಾಗಿ ಅದನ್ನು ತೆಗೆದು ಕೊಂಡಿ ಮಾಡಿ. ಇನ್ನು ಮುಂದೆ ಮಾಸ್ಟರ್ ಡಿಸ್ಕಿನಲ್ಲಿ ಇದನ್ನು ಮಾಡಿ ಆಫ್ ಮಾಡಿದ ಮೇಲೇ ಕ್ಲೋನ್ ಮಾಡಿ. ನಡುವೆ ಒಂದು ಸಲ ಆನ್ ಮಾಡಿದರೂ ಗುರುತು ಹುಟ್ಟಿಬಿಡುತ್ತದೆ.

24 ಯಂತ್ರ ಸುತ್ತುವುದು ತಕ್ಷಣಕ್ಕೆ ಆಗದಿದ್ದರೆ, ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಡಿಎಚ್‌ಸಿಪಿ4 ಸಾಲಿನ ಕೆಳಗೆ 'ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್' ಸೇರಿಸಿ ದೂರದಿಂದಲೇ ಹಂಚಬಹುದು. ಅಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ, ಮೇಲಿನ ಸಾಲಿನ ನೇರಕ್ಕೆ. 'ಸುಡೊ ನೆಟ್‌ಪ್ಲಾನ್ ಟ್ರೈ' ಕೊಟ್ಟರೆ, 120 ಸೆಕೆಂಡಿನಲ್ಲಿ ನೀವು ಎಂಟರ್ ಒತ್ತದಿದ್ದಲ್ಲಿ ಹಳೆಯ ಸೆಟ್ಟಿಂಗೇ ಮರಳುತ್ತದೆ.

ಕ್ಲೋನ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಹೋಸ್ಟ್ ಕೀಗಳೂ ನಕಲಾಗಿವೆ. /ಇಟಿಸಿ/ಎಸ್‌ಎಸ್‌ಎಚ್ ಒಳಗೆ ಎಸ್‌ಎಸ್‌ಎಚ್_ಹೋಸ್ಟ್ ಎಂದು ಶುರುವಾಗುವ ಫೈಲುಗಳನ್ನು ಅಳಿಸಿ, 'ಸುಡೊ ಎಸ್‌ಎಸ್‌ಎಚ್-ಕೀಜೆನ್ -ಎ' ಕೊಡಿ, ಇಲ್ಲಿ 'ಎ' ದೊಡ್ಡಕ್ಷರ. ವಿದ್ಯಾರ್ಥಿಗಳು ಕೂರುವ ಲ್ಯಾಬಿನಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಗುಟ್ಟಿನ ಕೀ ಇರುವುದು ಸರಿಯಲ್ಲ. ಐಪಿ ಸರಿಹೋದ ಮೇಲೂ ಈ ಕೆಲಸ ಬಿಡಬೇಡಿ.

ಪ್ರಶ್ನೆ: ಹಳೆ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆ. ವೈಫೈ ಅಡಾಪ್ಟರ್ ಸಿಗಲಿಲ್ಲ ಅನ್ನುತ್ತದೆ. ಡ್ರೈವರ್ ಇಳಿಸಿಕೊಳ್ಳೋಣವೆಂದರೆ ನೆಟ್ಟೇ ಇಲ್ಲ.
– ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ನೆಟ್ ನಿಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್‌ನಂತೆ ಕಾಣುತ್ತದೆ, ಡ್ರೈವರ್ ಬೇಡ. ಚಾರ್ಜಿಂಗ್‌ಗಷ್ಟೇ ಇರುವ ಕೇಬಲ್ ಆದರೆ ಟೆದರಿಂಗ್ ಬಟನ್ ಮಸುಕಾಗಿಯೇ ಇರುತ್ತದೆ.

ಆಮೇಲೆ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟು ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು ಹುಡುಕಿ. ಚೌಕ ಆವರಣದೊಳಗೆ 14ಇ4 ಎಂದು ಶುರುವಾದರೆ ಅದು ಬ್ರಾಡ್‌ಕಾಮ್ ಕಾರ್ಡ್. 14ಇ4:4365 ಆದರೆ ಬಿಸಿಎಂ43142, ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ. 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲೇ ಕೆಳಗಿಲ್ಲದಿದ್ದರೆ ಡ್ರೈವರ್ ಸೇರಿಲ್ಲ ಎಂದರ್ಥ. ಈ ಕಾರ್ಡಿಗೆ 'ಸುಡೊ ಎಪಿಟಿ ಅಪ್‌ಡೇಟ್' ಆದ ಮೇಲೆ 'ಸುಡೊ ಎಪಿಟಿ ಇನ್‌ಸ್ಟಾಲ್ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್'.

ಹೆಚ್ಚಿನವರು ಎಡವುವುದು ಇದರ ನಂತರ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇಲ್ಲದ್ದನ್ನು ಏಳಲು ಬಿಡದ ವ್ಯವಸ್ಥೆ) ಆನ್ ಇದ್ದರೆ ಇನ್‌ಸ್ಟಾಲ್ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಯಂತ್ರದಲ್ಲೇ ತಯಾರಾದ ಡ್ರೈವರ್‌ಗೆ ಸಹಿ ಹಾಕಿದ ಕೀಯನ್ನು ಮದರ್‌ಬೋರ್ಡ್ ನಂಬುವಂತೆ ಮಾಡಲು ಅದು ಬೇಕು. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ರೀಬೂಟ್ ಆದಾಗ ನೀಲಿ ಪರದೆ ಬಂದು ಹತ್ತೇ ಸೆಕೆಂಡ್ ಕಾಯುತ್ತದೆ. ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, 'ರೀಬೂಟ್' ಎಂದು ಮುಂದೆ ಹೋಗಿ. ಆ ಹತ್ತು ಸೆಕೆಂಡ್ ಎದ್ದು ನೀರು ಕುಡಿಯಲು ಹೋದರೆ ಮುಗಿಯಿತು, ಡ್ರೈವರ್ ಇದ್ದೂ ಏಳುವುದಿಲ್ಲ. ಆಗ 'ಸುಡೊ ಮಾಡ್‌ಪ್ರೋಬ್ ಡಬ್ಲ್ಯುಎಲ್' ಕೊಟ್ಟರೆ ಕೀ ತಿರಸ್ಕೃತವಾಯಿತು ಎಂಬ ಅರ್ಥದ ಸಂದೇಶ ಬರುತ್ತದೆ. 'ಸುಡೊ ಎಂಒಕೆಯುಟಿಲ್ --ಇಂಪೋರ್ಟ್ /ವಿಎಆರ್/ಲಿಬ್/ಶಿಮ್-ಸೈನ್ಡ್/ಎಂಒಕೆ/ಎಂಒಕೆ.ಡಿಇಆರ್' ಕೊಟ್ಟು ಇನ್ನೊಮ್ಮೆ ರೀಬೂಟ್ ಮಾಡಿ, ಈ ಸಲ ಪರದೆ ಮುಂದೆಯೇ ಕೂತಿರಿ. ಕೊನೆಯ ಫೈಲ್ ಹೆಸರಿನ ಎಂಒಕೆ ಮಾತ್ರ ದೊಡ್ಡಕ್ಷರ.

ಪ್ರಶ್ನೆ: ಡಿಸೈನ್ ಯಂತ್ರದಿಂದ ಸ್ಟೋರೇಜ್ ಯಂತ್ರಕ್ಕೆ 20 ಮೀಟರ್ ಹೊಸ ಲ್ಯಾನ್ ಕೇಬಲ್ ಎಳೆಸಿದ್ದೇವೆ. ಎರಡೂ ಕಡೆ ಗಿಗಾಬಿಟ್ ಕಾರ್ಡ್. 4 ಜಿಬಿ ಫೈಲ್ ಕಳಿಸಲು ಆರು ನಿಮಿಷ ಹಿಡಿಯುತ್ತದೆ. ಲಿನಕ್ಸ್ ನಿಧಾನವೇ?
– ಪ್ರಿಂಟಿಂಗ್ ಪ್ರೆಸ್, ಪಿ.ಬಿ. ರಸ್ತೆ, ದಾವಣಗೆರೆ

ಉತ್ತರ: ಆರು ನಿಮಿಷ ಎಂದರೆ ಸೆಕೆಂಡಿಗೆ 11-12 ಎಂಬಿ, ಅಂದರೆ ಸರಿಯಾಗಿ 100 ಎಂಬಿಪಿಎಸ್ ಲಿಂಕ್. 'ಐಪಿ ಲಿಂಕ್' ಕೊಟ್ಟು ಕಾರ್ಡಿನ ಹೆಸರು ನೋಡಿಕೊಂಡು 'ಸುಡೊ ಇಥ್‌ಟೂಲ್' ಮುಂದೆ ಆ ಹೆಸರು ಹಾಕಿ. 'ಸ್ಪೀಡ್' ಎದುರು 100 ಇದ್ದು, ಎರಡೂ ಕಡೆಯವು 1000ಕ್ಕೆ ತಯಾರು ಎಂದು ತೋರಿಸುತ್ತಿದ್ದರೆ ತಪ್ಪು ತಂತಿಯದು. 100ಕ್ಕೆ 1, 2, 3, 6ನೇ ತಂತಿಗಳು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಎಳೆ ಕೂತಿಲ್ಲದಿದ್ದರೂ ಕಾರ್ಡ್ 100ಕ್ಕೆ ಇಳಿಯುತ್ತದೆ. ಕೆಲವು ಕಾರ್ಡ್‌ಗಳು ಇಳಿಯದೆ ಲಿಂಕ್ ಬಿಟ್ಟು ಹಿಡಿಯುತ್ತ ಕೂರುತ್ತವೆ. ಇಥ್‌ಟೂಲ್‌ನಿಂದ ಬಲವಂತವಾಗಿ 1000 ಹಾಕಲು ಹೋಗಬೇಡಿ.

ಎರಡೂ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ, ಎದುರಿಗೇ ನಿಂತು ನೋಡಿ. ಕನೆಕ್ಟರ್‌ನ ಕ್ಲಿಪ್ ಕೆಳಗಿದ್ದಾಗ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸೆದಿರುವುದನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಎಂಟೂ ಎಳೆಯ ತುದಿ ಕನೆಕ್ಟರ್‌ನ ಮೂತಿಗೆ ತಾಗಿ ಹೊಳೆಯಬೇಕು, ಹೊರಕವಚ ಒಳಗೆ ಹೋಗಿ ಪ್ಲಾಸ್ಟಿಕ್ ಬೆಣೆಗೆ ಸಿಕ್ಕಿರಬೇಕು. ಕತ್ತರಿಸಿದ ಚೂರನ್ನು ಬ್ಲೇಡಿನಿಂದ ಕೆರೆದು ನೋಡಿ. ತಾಮ್ರದ ಬಣ್ಣದಡಿ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬಗ್ಗಿಸಿದರೆ ಮುರಿಯುತ್ತದೆ. ಅಂಥದ್ದನ್ನು ಕ್ರಿಂಪ್ ಮಾಡಿ ಕಾಸು ಕಳೆಯುವ ಬದಲು ಪೂರ್ತಿ ತಾಮ್ರದ ಕೇಬಲ್ಲೇ ತನ್ನಿ.

ಪ್ರಶ್ನೆ: 8.8.8.8ಕ್ಕೆ ಪಿಂಗ್ ಹೋಗುತ್ತದೆ, ವೆಬ್‌ಸೈಟ್ ಹೆಸರು ಕೊಟ್ಟರೆ ಬರುವುದಿಲ್ಲ. ರಿಸಾಲ್ವ್.ಕಾನ್ಫ್ ತಿದ್ದಿದರೆ ಸರಿಹೋಗಿ, ರೀಬೂಟ್ ಆದರೆ ಮತ್ತದೇ.
– ಓದುಗರು, ಹರಿಹರ

ಉತ್ತರ: ಸೈಟಿನ ಹೆಸರನ್ನು ಐಪಿಗೆ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರ್ ಯಾವುದೆಂದು ಬರೆದಿರುವ ಆ ಫೈಲ್ /ರನ್ ಒಳಗಿನ ಇನ್ನೊಂದು ಫೈಲಿಗೆ ಕೊಂಡಿ. /ರನ್ ಇರುವುದು ರ‍್ಯಾಮ್‌ನಲ್ಲಿ, ಆದ್ದರಿಂದ ತಿದ್ದಿದ್ದು ಉಳಿಯದು. 'ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ' ಕೊಟ್ಟು ನಿಮ್ಮ ಕನೆಕ್ಷನ್ ಹೆಸರು ನೋಡಿ, 'ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ', ಆ ಹೆಸರು, ಮುಂದೆ 'ಐಪಿವಿ4.ಡಿಎನ್‌ಎಸ್ 1.1.1.1 ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್' ಎಂದು ಕೊಟ್ಟು ಕನೆಕ್ಷನ್ನನ್ನು ಆಫ್ ಮಾಡಿ ಆನ್ ಮಾಡಿ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

ಪ್ರಶ್ನೆ: ಕಚೇರಿಯ ಹಳೆ ಡೆಸ್ಕ್‌ಟಾಪ್‌ನಲ್ಲಿ ಬೆಳಿಗ್ಗೆ ಯಾವ ಸೈಟ್ ತೆರೆದರೂ 'ಸುರಕ್ಷಿತವಲ್ಲ' ಎನ್ನುತ್ತದೆ. ಪಿಂಗ್ ಚೆನ್ನಾಗಿದೆ.
– ಓದುಗರು, ಹೊಳಲ್ಕೆರೆ

ಉತ್ತರ: ಪರದೆಯ ಮೇಲಿನ ತಾರೀಖು ನೋಡಿ, ಹಿಂದಿನದ್ದಿರುತ್ತದೆ. ಸೈಟುಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ನಿಮ್ಮ ಯಂತ್ರದ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವಾಗಿಲ್ಲ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದು, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದಾಗ ಗಡಿಯಾರ ನಿಲ್ಲುತ್ತದೆ. ಮೀಟರಿನಲ್ಲಿ ಹೊಸದು 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ. ನಿಮ್ಮದು 2.5ರ ಹತ್ತಿರವಿದ್ದರೆ ಬದಲಿಸಿ. ಪವರ್ ತಂತಿ ಪೂರ್ತಿ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಆಮೇಲೆ 'ಟೈಮ್‌ಡೇಟ್‌ಸಿಟಿಎಲ್' ಕೊಟ್ಟು 'ಸಿಸ್ಟಂ ಕ್ಲಾಕ್ ಸಿಂಕ್ರನೈಸ್ಡ್' ಎದುರು 'ಯೆಸ್' ಇದೆಯೇ ನೋಡಿ. 'ನೋ' ಇದ್ದರೆ ಮೊದಲು 'ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ' ಕೊಡಿ. ಆಗಲೂ 'ನೋ' ಉಳಿದರೆ ಕಚೇರಿಯ ರೌಟರ್ ಯುಡಿಪಿ 123ನೇ ಪೋರ್ಟನ್ನು ತಡೆದಿರಬಹುದು, ನೋಡಿಕೊಳ್ಳುವವರಿಗೆ ಹೇಳಿ ತೆಗೆಸಿ. ಅದೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಇದ್ದು ಸಮಯ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಮ್ಮಿ ಬಂದರೆ ಬ್ಯಾಟರಿ ದೂರಬೇಡಿ. ವಿಂಡೋಸ್ ಗಡಿಯಾರವನ್ನು ಭಾರತದ ಸಮಯಕ್ಕೆ ಇಡುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಎಂದು ಓದುತ್ತದೆ. 'ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟರೆ ಎರಡೂ ಒಂದೇ ಸಮಯ ತೋರಿಸುತ್ತವೆ.